‘ಇಫ್ ಐ ವರ್’ ಮೀಮಾಂಸೆ

ಶಾಸ್ತ್ರಗ್ರಂಥ ಯಾವುದೇ ಇರಲಿ, ಮೊದಲ ಪುಟದಲ್ಲೇ ನಾಲ್ಕು ಲೆಕ್ಕ ಚುಕ್ತಾ ಮಾಡಬೇಕೆಂಬುದು ಹಿಂದಿನವರ ಪದ್ಧತಿ: ವಿಷಯ ಯಾವುದು, ಪ್ರಯೋಜನವೇನು, ಎರಡಕ್ಕೂ ಸಂಬಂಧ ಹೇಗೆ, ಓದುವ ಅಧಿಕಾರ ಯಾರಿಗೆ. ಪ್ರಸ್ತುತ ಪ್ರಬಂಧವೂ ಆ ಪದ್ಧತಿಯನ್ನು ಮೀರುವುದಿಲ್ಲ. ವಿಷಯ, ಇಂಗ್ಲಿಷಿನ ‘ವರ್’ ಎಂಬ ಕ್ರಿಯಾರೂಪ. ಅದರಲ್ಲೂ ‘ಇಫ್’ನ ಬೆನ್ನಿಗೆ ‘ಐ’, ‘ಹೀ’, ‘ಶೀ’, ‘ಇಟ್’ಗಳ ಪಕ್ಕ ಬಂದು ಕೂತು, ಇಲ್ಲಿ ಹೇಳುತ್ತಿರುವುದೆಲ್ಲ ಬರೀ ಕಲ್ಪನೆ ಎಂದು ಡಂಗುರ ಸಾರುವ ‘ವರ್’. ಪಂಡಿತರು ಇದನ್ನು ಸಬ್‌ಜಂಕ್ಟಿವ್ ಮೂಡ್ ಎನ್ನುತ್ತಾರೆ. ಅಧಿಕಾರಿಗಳು, ಹೈಸ್ಕೂಲಿನಲ್ಲಿ ‘ಇಫ್ ಐ ವಾಸ್’ ಎಂದು ಬರೆದು ಕೆಂಪು ಶಾಯಿಯ ಗೀಟು ಕಂಡವರೆಲ್ಲ. ಪ್ರಯೋಜನ, ಅರ್ಧ ಅಂಕ. ಮೌಲ್ಯಮಾಪಕರು ಉದಾರಿಗಳಾದರೆ ಒಂದು. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಮಾತ್ರ ಗೊತ್ತು.

ಮೊದಲು ಸೂತ್ರ. ಈಗ ಇಲ್ಲದ್ದನ್ನು ಇದೆಯೆಂದು ಕಲ್ಪಿಸಿಕೊಂಡರೆ ‘ವರ್’, ಮುಂದಿನ ತುಂಡಿನಲ್ಲಿ ‘ವುಡ್’. ‘ಇಫ್ ಐ ವರ್ ಎ ಬರ್ಡ್, ಐ ವುಡ್ ಫ್ಲೈ.’ ಹೇಳುವವನು ಹಕ್ಕಿಯಲ್ಲ, ಹಾರುವುದೂ ಇಲ್ಲ, ಎರಡೂ ಅವನಿಗೆ ಗೊತ್ತು. ಹಿಂದೆ ನಿಜವಾಗಿ ನಡೆದಿರಬಹುದಾದ ಸಂಗತಿಯ ಬಗ್ಗೆ ಬರೀ ಅನುಮಾನವಿದ್ದರೆ ‘ವಾಸ್’. ‘ಇಫ್ ಹೀ ವಾಸ್ ಇನ್ ದ ಆಫೀಸ್ ಯೆಸ್ಟರ್ಡೇ, ಹೀ ಸಾ ದ ನೋಟೀಸ್.’ ಗುಮಾಸ್ತರು ನಿನ್ನೆ ಕಚೇರಿಗೆ ಬಂದಿದ್ದರೋ ಇಲ್ಲವೋ ಗೊತ್ತಿಲ್ಲ. ಬಂದಿದ್ದರೆ ನೋಟೀಸು ನೋಡಿರುತ್ತಾರೆ. ಹಕ್ಕಿಗೆ ‘ವರ್’, ಗುಮಾಸ್ತರಿಗೆ ‘ವಾಸ್’. ಶಾಸ್ತ್ರ ಇಷ್ಟೇ. ಉಳಿದದ್ದೆಲ್ಲ ಭಾಷ್ಯ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: ಇಲ್ಲದ್ದರ ಬಗ್ಗೆ ಮಾತಾಡಲು ಬೇರೆ ಕ್ರಿಯಾರೂಪವೇ ಬೇಕೆ? ಮೊಲದ ಕೊಂಬು, ಬಂಜೆಯ ಮಗ ಮುಂತಾದ ಇಲ್ಲದ ಪದಾರ್ಥಗಳ ಬಗ್ಗೆ ನಮ್ಮ ತಾರ್ಕಿಕರು ಶತಮಾನಗಟ್ಟಲೆ ವಾದ ಮಾಡಲಿಲ್ಲವೆ? ಮಾಡಿದರು. ಬೆಂಕಿ ಇಲ್ಲದೆ ಹೋದರೆ ಹೊಗೆಯೂ ಇರಲಾರದು ಎಂಬುದು ನ್ಯಾಯಶಾಸ್ತ್ರದಲ್ಲಿ ತರ್ಕಕ್ಕೆ ಕೊಡುವ ಹೆಸರಾಂತ ಉದಾಹರಣೆ. ಬೆಂಕಿ ಇದೆಯೆಂದು ತಿಳಿದಿದ್ದೂ ಇಲ್ಲವೆಂದು ಆರೋಪಿಸಿ, ಅದರಿಂದ ಬರುವ ಅಸಂಬದ್ಧವನ್ನು ಎತ್ತಿ ತೋರಿಸುವ ವಿದ್ಯೆ ಅದು. ಆದರೆ ಆ ತಾರ್ಕಿಕರು ‘ಸ್ಯಾತ್’ (ಇದ್ದೀತು) ಎಂಬ, ಸಂಭವವನ್ನು ಸೂಚಿಸುವ ಲಿಙ್ ರೂಪವನ್ನು ಬಳಸಿ ಸುಮ್ಮನಾದರು. ಇಂಗ್ಲಿಷಿನವರು ಅದೇ ಕೆಲಸಕ್ಕೆ ಭೂತಕಾಲವನ್ನು ಎರವಲು ತಂದರು, ತಂದದ್ದರಲ್ಲೂ ಒಂದೇ ಒಂದು ಧಾತುವಿಗೆ ಎರಡು ವೇಷ ಹಾಕಿದರು. ತಕರಾರು ಶುರುವಾದದ್ದು ಅಲ್ಲಿ.

‘ಇಫ್ ಐ ವರ್ ದ ಪ್ರೈಮ್ ಮಿನಿಸ್ಟರ್’ ಎಂಬ ಪ್ರಬಂಧ ಬರೆಯದೆ ನಮ್ಮ ಇಂಗ್ಲಿಷ್ ಮೀಡಿಯಂ ಶಾಲೆಗಳಿಂದ ಹೊರಬಿದ್ದ ಮಗು ಅಪರೂಪ. ತಲೆಬರಹದ ‘ವರ್’ ಅನ್ನು ಮಿಸ್ಸೇ ಬೋರ್ಡಿನ ಮೇಲೆ ಬರೆದುಕೊಟ್ಟಿರುತ್ತಾರೆ. ಮಗು ನಿಷ್ಠೆಯಿಂದ ನಕಲು ಮಾಡುತ್ತದೆ. ಮೊದಲ ಸಾಲಿನಲ್ಲಿ ‘ವುಡ್’ ಕೂಡ ಸರಿಯಾಗಿ ಬೀಳುತ್ತದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಬಡತನ ನಿವಾರಣೆಯ ಹುಮ್ಮಸ್ಸು ಏರಿ, ‘ವುಡ್’ ಇದ್ದ ಜಾಗದಲ್ಲಿ ‘ವಿಲ್’ ಪ್ರತ್ಯಕ್ಷ: ರಸ್ತೆ ಮಾಡಿಸುತ್ತೇನೆ, ಲಂಚಕೋರರನ್ನು ಜೈಲಿಗೆ ಹಾಕುತ್ತೇನೆ, ಹೋಮ್‌ವರ್ಕ್ ರದ್ದು ಮಾಡುತ್ತೇನೆ. ವ್ಯಾಕರಣದ ಕಣ್ಣಿಗೆ ಇದು ಸಣ್ಣ ಘಟನೆಯಲ್ಲ. ತಲೆಬರಹದಲ್ಲಿ ಬರೀ ಕಲ್ಪನೆಯೆಂದು ಒಪ್ಪಿಕೊಂಡ ಹುದ್ದೆಯ ಅಧಿಕಾರವನ್ನು ಅಭ್ಯರ್ಥಿ ಮೂರೇ ಸಾಲಿನಲ್ಲಿ ವಹಿಸಿಕೊಂಡುಬಿಟ್ಟಿರುತ್ತಾನೆ. ‘ವಿಲ್’ ಮೇಲೆ ಮಿಸ್ ಎಳೆಯುವ ಗೀಟು ಅವನನ್ನು ಪದಚ್ಯುತಗೊಳಿಸುತ್ತದೆ.

ಕನ್ನಡ ಮೀಡಿಯಂನ ಮಗುವಿಗೆ ಈ ಅಪಾಯವಿಲ್ಲ. ಅಲ್ಲಿ ತಲೆಬರಹ ‘ನಾನು ಪ್ರಧಾನಿಯಾದರೆ’. ಈ ‘ಆದರೆ’ಯಲ್ಲಿ ನೀನು ಆಗುವುದಿಲ್ಲ ಎಂಬ ಚುಚ್ಚುಮಾತು ಎಲ್ಲೂ ಇಲ್ಲ. ಆಗಲೂಬಹುದು, ಆಗದೆಯೂ ಇರಬಹುದು. ಬಾಗಿಲು ತೆರೆದೇ ಇರುತ್ತದೆ. 1996ರ ಜೂನ್ 1ರಂದು ಹಾಸನ ಜಿಲ್ಲೆಯ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿ ಈ ವ್ಯಾಕರಣಕ್ಕೆ ಪ್ರತ್ಯಕ್ಷ ಪ್ರಮಾಣವನ್ನೂ ಒದಗಿಸಿದ್ದಾರೆ. ಅಸಾಧ್ಯವೆಂದೇ ಹೇಳಬೇಕಾದಾಗ ಕನ್ನಡ ‘ಆಗಿದ್ದಿದ್ದರೆ’ ಎಂದು ಒಂದು ‘ಇದ್ದ’ವನ್ನು ಹೆಚ್ಚಿಗೆ ಪೋಣಿಸಿ, ಕೊನೆಯಲ್ಲಿ ‘ಮಾಡುತ್ತಿದ್ದೆ’ ಎಂದು ಕೈ ತೊಳೆದುಕೊಳ್ಳುತ್ತದೆ. ಜೊತೆಗೆ, ಈ ‘-ಅರೆ’ಗೆ ಪುರುಷಭೇದ ವಚನಭೇದಗಳ ಗೊಡವೆಯೇ ಇಲ್ಲ. ನಾನು ಬಂದರೆ, ನೀನು ಬಂದರೆ, ಅವರೆಲ್ಲ ಬಂದರೆ. ಹಳಗನ್ನಡದ ‘ಬಂದೊಡೆ’ಯಿಂದ ಹಿಡಿದು ವಚನಗಳ ‘ಬಂದಡೆ’ಯನ್ನು ದಾಟಿ ಇಂದಿನ ‘ಬಂದರೆ’ಯವರೆಗೆ ಇದೇ ಕಥೆ. ತಪ್ಪು ಮಾಡಲು ಜಾಗವೇ ಇಲ್ಲದ ಭಾಷೆಯಿಂದ ಬಂದವರು, ತಪ್ಪು ಮಾಡಲೆಂದೇ ಒಂದು ಜಾಗ ಕಾದಿರಿಸಿದ ಭಾಷೆಗೆ ಕಾಲಿಟ್ಟರೆ ಎಡವದೆ ಇರುತ್ತಾರೆಯೆ?

ಇನ್ನು ವ್ಯುತ್ಪತ್ತಿ. ಭೂಮಂಡಲದ ಎಲ್ಲ ಪದಗಳಿಗೂ ಸಂಸ್ಕೃತದಲ್ಲಿ ತವರುಮನೆ ಹುಡುಕಿಕೊಡುವ ಹವ್ಯಾಸಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆದ್ದರಿಂದ ಇಂಗ್ಲಿಷಿನ ‘ವಾಸ್’ಗೂ ನಮ್ಮ ‘ವಾಸ’ಕ್ಕೂ ನಂಟುಂಟು ಎಂದರೆ ಓದುಗರು ಗಾಬರಿಯಾಗಿ ಪುಟ ಮಗುಚಿದರೂ ಆಶ್ಚರ್ಯವಿಲ್ಲ. ಏನು ಮಾಡುವುದು, ಈ ಸಲ ಅದು ನಿಜ. ತಂಗು, ನೆಲೆಸು ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವೊಂದು ಇತ್ತ ಸಂಸ್ಕೃತದಲ್ಲಿ ‘ವಸತಿ’, ‘ವಾಸ’, ‘ನಿವಾಸ’ಗಳಾಯಿತು, ಅತ್ತ ಜರ್ಮ್ಯಾನಿಕ್ ಭಾಷೆಗಳಲ್ಲಿ ಇರುವಿಕೆಯ ಭೂತಕಾಲವಾಗಿ ಇಂಗ್ಲಿಷಿನ ‘ವಾಸ್’ ಆಯಿತು. ‘ಐ ವಾಸ್ ಇನ್ ಮೈಸೂರು’ ಎನ್ನುವವರು ತಮಗೆ ಗೊತ್ತಿಲ್ಲದೆಯೇ ಮೈಸೂರಿನಲ್ಲಿ ವಾಸವಿದ್ದುದನ್ನು ಎರಡೆರಡು ಸಲ ಹೇಳುತ್ತಿರುತ್ತಾರೆ.

ಹಾಗಿದ್ದರೆ ‘ವಾಸ್’ನ ಸಕಾರ ‘ವರ್’ನಲ್ಲಿ ರಕಾರವಾದದ್ದು ಹೇಗೆ? ಇದನ್ನು ಬಿಡಿಸಿದವನು ಡೆನ್ಮಾರ್ಕಿನ ಕಾರ್ಲ್ ವರ್ನರ್, 1870ರ ದಶಕದಲ್ಲಿ. (ಆತನ ಹೆಸರಿನ ಮೊದಲೆರಡು ಅಕ್ಷರಗಳು ಕೇವಲ ಕಾಕತಾಳೀಯ, ಪ್ರಬಂಧ ಅದರಿಂದ ಯಾವ ತೀರ್ಮಾನವನ್ನೂ ಎಳೆಯುವುದಿಲ್ಲ.) ಮೂಲಭಾಷೆಯಲ್ಲಿ ಸ್ವರಾಘಾತ ಎಲ್ಲಿ ಬೀಳುತ್ತಿತ್ತು ಎಂಬುದರ ಮೇಲೆ ವ್ಯಂಜನದ ಹಣೆಬರಹ ನಿಂತಿತ್ತು. ಆಘಾತ ಧಾತುವಿನ ಮೇಲಿದ್ದಾಗ ಸಕಾರ ಸಕಾರವಾಗಿಯೇ ಉಳಿಯಿತು. ಪ್ರತ್ಯಯದ ಮೇಲೆ ಜಾರಿದಾಗ ಅದು ಮೆತ್ತಗಾಗಿ ‘ಝ್’ ಆಗಿ, ಕಾಲಾಂತರದಲ್ಲಿ ರಕಾರವಾಯಿತು. ಆ ಹಳೆಯ ಸ್ವರಾಘಾತ ಎಲ್ಲಿತ್ತೆಂದು ತಿಳಿಯಲು ವರ್ನರನಿಗೆ ಆಸರೆಯಾದದ್ದು ವೇದದ ಸ್ವರ, ಅಂದರೆ ನಮ್ಮ ಘನಪಾಠಿಗಳು ಇಂದಿಗೂ ಕುತ್ತಿಗೆ ಆಡಿಸುತ್ತ ಕಾಪಾಡಿಕೊಂಡು ಬಂದಿರುವ ಉದಾತ್ತ, ಅನುದಾತ್ತಗಳ ಲೆಕ್ಕ. ಹತ್ತನೇ ಕ್ಲಾಸಿನ ಹುಡುಗ ‘ವರ್’ ಬರೆಯಬೇಕಾದಲ್ಲಿ ‘ವಾಸ್’ ಬರೆದನೆಂದರೆ, ಆಳಕ್ಕಿಳಿದು ನೋಡಿದಾಗ, ಉದಾತ್ತವನ್ನು ತಪ್ಪು ಜಾಗದಲ್ಲಿ ಇಟ್ಟ ದೋಷ ಅದು. ತ್ವಷ್ಟೃವಿನ ಯಜ್ಞದಲ್ಲಿ ‘ಇಂದ್ರಶತ್ರು’ ಎಂಬ ಪದದ ಸ್ವರ ತಪ್ಪಿ, ಇಂದ್ರನನ್ನು ಕೊಲ್ಲಬೇಕಾದ ವೃತ್ರ ಇಂದ್ರನಿಂದಲೇ ಹತನಾದ. ಅದನ್ನು ನೆನೆದರೆ ಅರ್ಧ ಅಂಕದ ಶಿಕ್ಷೆ ಬಹಳ ಸೌಮ್ಯ.

ಹಳೆಯ ಇಂಗ್ಲಿಷಿನಲ್ಲಿ ಈ ಸಬ್‌ಜಂಕ್ಟಿವ್‌ನದು ದೊಡ್ಡ ಸಂಸಾರ. ಪ್ರತಿಯೊಂದು ಕ್ರಿಯಾಪದಕ್ಕೂ ಅದರ ಬೇರೆ ರೂಪಗಳಿದ್ದವು, ಏಕವಚನಕ್ಕೊಂದು ಬಾಲ, ಬಹುವಚನಕ್ಕೊಂದು ಬಾಲ. ಮಧ್ಯಯುಗದಲ್ಲಿ ಪದಾಂತ್ಯದ ಸ್ವರಗಳು ಸವೆದು ಬಾಲಗಳು ಉದುರಿಹೋದವು. ಈಗ ಷರತ್ತಿನ ಭೂತಕಾಲದಲ್ಲಿ ಬೇರೆಯೆಂದು ಗುರುತಿಸಬಹುದಾದ ಧಾತು ಒಂದೇ, ‘ಬಿ’. ಅದರಲ್ಲೂ ‘ಯೂ’, ‘ವೀ’, ‘ದೇ’ಗಳಿಗೆ ಹೇಗೂ ‘ವರ್’ ಇರುವುದರಿಂದ ವ್ಯತ್ಯಾಸ ಕಾಣುವುದು ಉತ್ತಮ ಪುರುಷ ಮತ್ತು ಪ್ರಥಮ ಪುರುಷಗಳ ಏಕವಚನದಲ್ಲಿ ಮಾತ್ರ. ‘ಇಫ್ ಐ ಹ್ಯಾಡ್ ಮನಿ’ ಎನ್ನುವಾಗ ‘ಹ್ಯಾಡ್’ ಕಲ್ಪನೆಯೋ ನಿಜವೋ ಎಂದು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಸಾವಿರಾರು ಧಾತುಗಳು ಒಂದೇ ಅಂಗಿಯಲ್ಲಿ ಎರಡು ಕೆಲಸ ನಿಭಾಯಿಸುತ್ತಿರುವಾಗ ಈ ಒಂದು ಧಾತು ಮಾತ್ರ ಮದುವೆಮನೆಯ ಜರಿಪೇಟವನ್ನು ತಲೆಯಿಂದ ಇಳಿಸಲು ಒಪ್ಪದೆ ಓಡಾಡಿಕೊಂಡಿದೆ.

ಅದರ ಮರಣವಾರ್ತೆಯನ್ನು ಪ್ರಕಟಿಸಿದವರು ಬಹಳ ಜನ. ಇಂಗ್ಲಿಷ್ ಬಳಕೆಯ ಧರ್ಮಶಾಸ್ತ್ರವೆಂದೇ ಹೆಸರಾದ ನಿಘಂಟನ್ನು 1926ರಲ್ಲಿ ಹೊರತಂದ ಎಚ್.ಡಬ್ಲ್ಯೂ. ಫೌಲರ್, ನಾಲ್ಕಾರು ಜಾಗ ಬಿಟ್ಟರೆ ಸಬ್‌ಜಂಕ್ಟಿವ್ ಸಾವಿನಂಚಿನಲ್ಲಿದೆ ಎಂದ. ಕಾದಂಬರಿಕಾರ ಸಾಮರ್‌ಸೆಟ್ ಮಾಮ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಇನ್ನೂ ನಿಷ್ಕರುಣಿ. ಕೊನೆಯುಸಿರೆಳೆಯುತ್ತಿರುವ ಅದನ್ನು ಬೇಗ ಮುಗಿಸಿಬಿಡುವುದೇ ಲೇಸು ಎಂಬುದು ಆತನ ತೀರ್ಪಿನ ಸಾರಾಂಶ. ಇಬ್ಬರೂ ತೀರಿಕೊಂಡು ದಶಕಗಳು ಕಳೆದಿವೆ. ರೋಗಿ ಇನ್ನೂ ಪ್ರಶ್ನೆಪತ್ರಿಕೆಯಲ್ಲಿ ಗಟ್ಟಿಮುಟ್ಟಾಗಿದೆ.

ಸಂಸ್ಕೃತದವರು ಇಂಥ ಸಾವನ್ನು ಎಷ್ಟು ಘನತೆಯಿಂದ ನಿಭಾಯಿಸಿದರು ಎಂಬುದನ್ನೂ ಇಲ್ಲಿ ಗಮನಿಸತಕ್ಕದ್ದು. ವೇದಭಾಷೆಯಲ್ಲಿ ಇದೇ ಸಬ್‌ಜಂಕ್ಟಿವ್ ಜೀವಂತವಾಗಿತ್ತು. ಪಾಣಿನಿ ಅದಕ್ಕಿಟ್ಟ ಹೆಸರು ‘ಲೇಟ್’. ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ, ನಾಲ್ಕನೆಯ ಪಾದ, ಏಳನೆಯ ಸೂತ್ರದಲ್ಲಿ ಅದಕ್ಕೆ ಛಂದಸ್ಸಿನಲ್ಲಿ, ಅಂದರೆ ವೇದದಲ್ಲಿ ಮಾತ್ರ, ಪ್ರವೇಶ. ಲೋಕಭಾಷೆಯಲ್ಲಿ ಅದು ಆಗಲೇ ತೀರಿಕೊಂಡಿತ್ತು. ತೀರಿಕೊಂಡವರ ಹೆಸರಿನ ಮುಂದೆ ಲಗ್ನಪತ್ರಿಕೆಗಳಲ್ಲಿ ‘ಲೇಟ್’ ಎಂದು ಅಚ್ಚು ಹಾಕಿಸುವ ನಮ್ಮ ವಾಡಿಕೆಯನ್ನು ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಪಾಲಿಸಿದ್ದನೆಂದು ವಾದಿಸುವ ಆಸೆಯನ್ನು ಪ್ರಬಂಧಕಾರರು ಕಷ್ಟಪಟ್ಟು ತಡೆದುಕೊಂಡಿದ್ದಾರೆ. ನಡೆಯದೆ ಹೋದ ಕ್ರಿಯೆಗೆ ಸಂಸ್ಕೃತ ‘ಲೃಙ್’ ಎಂಬ ಬೇರೊಂದು ಲಕಾರವನ್ನೇ, ಅಂದರೆ ಕ್ರಿಯಾರೂಪಗಳ ಬೇರೊಂದು ವರ್ಗವನ್ನೇ, ಇಟ್ಟುಕೊಂಡಿತು. ಪಾಠಶಾಲೆಗಳಲ್ಲಿ ಅದಕ್ಕೆ ಹೇಳಿಕೊಡುವ ಉದಾಹರಣೆ ಮಳೆಯದು: ಒಳ್ಳೆಯ ಮಳೆಯಾಗಿದ್ದಿದ್ದರೆ ಸುಭಿಕ್ಷವಾಗುತ್ತಿತ್ತು. ಮಳೆಯೂ ಆಗಲಿಲ್ಲ, ಸುಭಿಕ್ಷವೂ ಇಲ್ಲ. ಬರಗಾಲದ ನಾಡಿನವರಿಗೆ ಹಕ್ಕಿಯ ಉದಾಹರಣೆಗಿಂತ ಇದು ಬೇಗ ತಲೆಗೆ ಹತ್ತುತ್ತದೆ.

ಇಂಗ್ಲಿಷಿನಲ್ಲಿ ಷರತ್ತಿನ ವರ್ತಮಾನಕಾಲಕ್ಕೂ ಒಂದು ಸಬ್‌ಜಂಕ್ಟಿವ್ ಇತ್ತು: ‘ಈಸ್’ ಅಥವಾ ‘ಆರ್ಟ್’ ಇರಬೇಕಾದ ಕಡೆ ‘ಬಿ’. 1611ರ ಜೇಮ್ಸ್ ದೊರೆಯ ಬೈಬಲಿನಲ್ಲಿ ಅದು ಧಾರಾಳ. ಅದರ ಮತ್ತಾಯನ ಸುವಾರ್ತೆಯಲ್ಲಿ, ಅರಣ್ಯದಲ್ಲಿ ಏಸುವನ್ನು ಪರೀಕ್ಷಿಸಲು ಬಂದ ಸೈತಾನ ‘ನೀನು ದೇವಪುತ್ರನಾಗಿದ್ದರೆ’ ಎಂಬ ಷರತ್ತನ್ನು ‘ಬಿ’ ಹಾಕಿಯೇ ಒಡ್ಡುತ್ತಾನೆ. ವ್ಯಾಕರಣಶುದ್ಧಿಗೂ ಸದ್ಗತಿಗೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಶಾಸ್ತ್ರಾಧಾರ ಸಿಗಲಾರದು.

ಈ ರೂಪ ರಾಜ್ಯಾಂಗಕ್ಕೂ ಕಾಲಿಟ್ಟಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾದ ಅಮೆರಿಕದ ಸಂವಿಧಾನದ ಮೊದಲ ಅನುಚ್ಛೇದದ ಏಳನೆಯ ಭಾಗದಲ್ಲಿ, ಮಸೂದೆಯನ್ನು ಅಧ್ಯಕ್ಷ ಒಪ್ಪಿದರೆ ಸಹಿ ಹಾಕಬೇಕು ಎನ್ನುವ ಕಡೆ ‘ಅಪ್ರೂವ್ಸ್’ ಇಲ್ಲ, ಬರೀ ‘ಅಪ್ರೂವ್’ ಇದೆ. ಮುದ್ರಣದೋಷವಲ್ಲ, ಸಬ್‌ಜಂಕ್ಟಿವ್. ಅಧ್ಯಕ್ಷ ಒಪ್ಪಿಯೇಬಿಡುತ್ತಾನೆಂದು ಭಾವಿಸತಕ್ಕದ್ದಲ್ಲ ಎಂಬ ಎಚ್ಚರ ಒಂದು ಅಕ್ಷರದ ಗೈರುಹಾಜರಿಯಲ್ಲಿ ಅಡಗಿದೆ.

ಭಾರತದ ಸಂವಿಧಾನದ ಕರಡು ತಯಾರಾಗುವ ಹೊತ್ತಿಗೆ ಆ ಎಚ್ಚರ ಹಳೆಯ ಫ್ಯಾಷನ್ ಆಗಿತ್ತು. 356ನೇ ವಿಧಿಯ ‘ಇಫ್’ನಲ್ಲಿ ರಾಷ್ಟ್ರಪತಿ ನೇರವಾಗಿ ‘ಈಸ್ ಸ್ಯಾಟಿಸ್ಫೈಡ್’, ‘ಬಿ’ ಇಲ್ಲ. 1935ರ ಗವರ್ನಮೆಂಟ್ ಆಫ್ ಇಂಡಿಯಾ ಕಾಯ್ದೆಯ 93ನೇ ಕಲಮಿನಲ್ಲಿ ಪ್ರಾಂತ್ಯದ ಗವರ್ನರ್ ಕೂಡ ಹೀಗೆಯೇ ‘ಈಸ್ ಸ್ಯಾಟಿಸ್ಫೈಡ್’ ಆಗುತ್ತಿದ್ದ. ತೃಪ್ತಿ ಅಲ್ಲಿಂದಲೇ ಬಳುವಳಿಯಾಗಿ ಬಂದದ್ದು. ಈ ಒಂದು ಷರತ್ತುವಾಕ್ಯದ ಮೇಲೆ ಎಷ್ಟೋ ರಾಜ್ಯ ಸರ್ಕಾರಗಳು ಉರುಳಿದವು. 1989ರ ಏಪ್ರಿಲ್ 21ರಂದು ಕರ್ನಾಟಕದ ಎಸ್.ಆರ್. ಬೊಮ್ಮಾಯಿ ಸರ್ಕಾರ ಉರುಳಿದಾಗ, ಸದನದಲ್ಲಿ ಬಹುಮತ ಸಾಬೀತು ಮಾಡುತ್ತೇನೆ ಎಂದ ಮುಖ್ಯಮಂತ್ರಿಗೆ ಅದಕ್ಕೆ ಅವಕಾಶ ಸಿಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ರಾಷ್ಟ್ರಪತಿಯ ತೃಪ್ತಿಗೆ ಆಧಾರವೇನಿತ್ತೆಂದು ನ್ಯಾಯಾಲಯ ನೋಡಬಹುದು; ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಇದನ್ನೇ ವ್ಯಾಕರಣದ ಪರಿಭಾಷೆಗೆ ತಂದರೆ, ‘ಇಫ್’ನ ನಂತರ ಬಂದದ್ದು ಬರೀ ಷರತ್ತು, ಸಂಗತಿಯಲ್ಲ, ಸಂಗತಿಯೆಂದು ಯಾರಾದರೂ ಹೇಳಿದರೆ ಸಾಕ್ಷ್ಯ ಕೇಳಬಹುದು. ಅಂದು ‘ಈಸ್’ ಬದಲು ‘ಬಿ’ ಬರೆದಿದ್ದರೆ ಬೊಮ್ಮಾಯಿ ಸರ್ಕಾರ ಉಳಿಯುತ್ತಿತ್ತೇ? ಕಾನೂನಿನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗುತ್ತಿರಲಿಲ್ಲ. ಪ್ರಬಂಧ ಆ ಪ್ರಶ್ನೆಯನ್ನು ಎತ್ತಿದ್ದು ಅದನ್ನು ಲೃಙ್ ಲಕಾರದಲ್ಲಿ ಕೇಳುವ ಖುಷಿಗೆ ಮಾತ್ರ.

‘ಇಫ್’ ಒಂದರಿಂದಲೇ ಕೆಲಸ ಮುಗಿಸಿದವರೂ ಇದ್ದಾರೆ. ಮ್ಯಾಸಿಡೋನಿಯಾದ ಫಿಲಿಪ್, ತಾನು ಲಕೋನಿಯಾಕ್ಕೆ ನುಗ್ಗಿದರೆ ನಿಮ್ಮನ್ನೆಲ್ಲ ಬುಡಸಮೇತ ಕೀಳುತ್ತೇನೆಂದು ಸ್ಪಾರ್ಟಾದವರಿಗೆ ಓಲೆ ಕಳಿಸಿದನಂತೆ. ಅವರ ಉತ್ತರದಲ್ಲಿ ಇದ್ದದ್ದು ‘ರೆ’ ಎಂಬಷ್ಟೇ ಅರ್ಥದ ಒಂದು ಪದ. ಕಥೆ ಹೇಳಿದವನು ಪ್ಲೂಟಾರ್ಕ್, ವಾಚಾಳಿತನದ ವಿರುದ್ಧ ಬರೆದ ಪ್ರಬಂಧದಲ್ಲಿ. ‘ನುಗ್ಗಿದರೆ’ ಎಂಬುದು ಫಿಲಿಪನ ಲೆಕ್ಕದಲ್ಲಿ ‘ವಿಲ್’ ಕಟ್ಟಿಕೊಂಡ ಗಟ್ಟಿ ಷರತ್ತು. ಸ್ಪಾರ್ಟಾದವರು ಒಂದು ಪದ ತಿರುಗಿಸಿಕೊಟ್ಟು ಅದನ್ನು ಹಕ್ಕಿಯಾಗುವ ಷರತ್ತಿನ ಸಾಲಿಗೆ ಇಳಿಸಿದರು. ಸಬ್‌ಜಂಕ್ಟಿವ್‌ನ ಇಷ್ಟು ಮಿತವ್ಯಯದ ಪ್ರಯೋಗ ಬೇರೆಲ್ಲೂ ದಾಖಲಾದಂತಿಲ್ಲ.

ಈಗ ಮುಖ್ಯ ಪ್ರಶ್ನೆ. ‘ಇಫ್ ಐ ವಾಸ್ ಎ ಬರ್ಡ್’ ಎಂದರೆ ಕೇಳಿದವರು ಹೇಳಿದವನನ್ನು ಹಕ್ಕಿಯೆಂದು ತಿಳಿಯುತ್ತಾರೆಯೆ? ಇಲ್ಲ. ಇಂಗ್ಲೆಂಡಿನಲ್ಲೇ ಹದಿನೇಳನೆಯ ಶತಮಾನದಿಂದ ಹೀಗೆ ಬರೆಯುವವರು ಸಿಗುತ್ತಾರೆ, ಇಂದು ಮಾತಿನಲ್ಲಿ ಅದೇ ಹೆಚ್ಚು. ಹಾಗಿದ್ದರೆ ‘ವರ್’ ಯಾರಿಗೆ ಬೇಕು? ಪ್ರಬಂಧದ ಸಿದ್ಧಾಂತ ಇಷ್ಟು: ಅದು ಬೇಕಾದದ್ದು ಮೇಜಿನ ಈಚೆ ಕೂತವರಿಗೆ, ಆಚೆ ಕೂತು ಪ್ರಶ್ನೆ ಕೇಳುವವರಿಗಲ್ಲ. ತಮ್ಮ ಇಂಗ್ಲಿಷಿಗೆ ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲದವರು ಬಾಯಿಗೆ ಬಂದದ್ದು ಆಡುತ್ತಾರೆ. ಲೆಕ್ಕ ಒಪ್ಪಿಸಬೇಕಾದವರು ‘ವರ್’ ಹುಡುಕುತ್ತಾರೆ.

ಪ್ರಮಾಣ ಒಂದು. 1964ರಲ್ಲಿ ಬ್ರಾಡ್‌ವೇಗೆ ಬಂದ ‘ಫಿಡ್ಲರ್ ಆನ್ ದ ರೂಫ್’ ನಾಟಕದಲ್ಲಿ ಹಾಲು ಮಾರುವ ಬಡವ ತೇವ್ಯ, ತಾನು ಸಾಹುಕಾರನಾಗಿದ್ದರೆ ಎಂದು ಹಾಡುತ್ತಾನೆ. ಶೋಲೆಮ್ ಅಲೈಕೆಮ್ ಯಿಡ್ಡಿಷ್‌ನಲ್ಲಿ ಸೃಷ್ಟಿಸಿದ ಪಾತ್ರ, ರಷ್ಯಾದ ಹಳ್ಳಿಯವನು. ಆದರೂ ಶೆಲ್ಡನ್ ಹಾರ್ನಿಕ್ ಬರೆದ ಆ ಹಾಡಿನಲ್ಲಿ ಅವನ ‘ವರ್’ ಅಚ್ಚುಕಟ್ಟು. 2004ರಲ್ಲಿ ಅದೇ ರಾಗವನ್ನು ಎತ್ತಿಕೊಂಡು ಪಾಪ್ ತಾರೆ ಗ್ವೆನ್ ಸ್ಟೆಫಾನಿ ಹಾಡಿದಾಗ ‘ವರ್’ ಹೋಗಿ ‘ವಾಸ್’ ಬಂತು. ಸಾಹುಕಾರಿಕೆ ಬರೀ ಕನಸಾಗಿದ್ದವನು ವ್ಯಾಕರಣಕ್ಕೆ ತಲೆಬಾಗಿದ. ಆ ಹೊತ್ತಿಗಾಗಲೇ ಸಾಹುಕಾರಿಣಿಯಾಗಿದ್ದವಳಿಗೆ ಅದರ ಹಂಗಿರಲಿಲ್ಲ.

ಪ್ರಮಾಣ ಎರಡು, ಅತಿಶುದ್ಧಿ ಎಂಬ ಕಾಯಿಲೆ. ‘ವರ್’ ಹಾಕಿದರೆ ಮರ್ಯಾದೆ ಹೆಚ್ಚುತ್ತದೆಂದು ಗೊತ್ತಾದ ಕೂಡಲೇ ಜನ ಬೇಡದ ಕಡೆಯೂ ಅದನ್ನು ತುರುಕುತ್ತಾರೆ. ‘ಐ ಆಸ್ಕ್ಡ್ ಇಫ್ ಹೀ ವರ್ ಅಟ್ ಹೋಮ್.’ ಯಜಮಾನರು ಮನೆಯಲ್ಲಿದ್ದಾರೋ ಇಲ್ಲವೋ ಎಂದು ವಿಚಾರಿಸಿದ್ದು ಇಷ್ಟೇ. ಇಲ್ಲಿ ಷರತ್ತೂ ಇಲ್ಲ, ಕಲ್ಪನೆಯೂ ಇಲ್ಲ, ಸೂತ್ರದ ಪ್ರಕಾರ ‘ವಾಸ್’ ಬೇಕು. ಯಜಮಾನರನ್ನು ಇಲ್ಲದ ಪದಾರ್ಥವಾಗಿಸಿದ ಈ ‘ವರ್’ಗೆ ಅರ್ಧ ಅಂಕ ಕಳೆಯುವ ಮೌಲ್ಯಮಾಪಕರು ಸಿಗುವುದು ಕಷ್ಟ, ಅವರಿಗೂ ಅದು ಗಂಭೀರವಾಗಿ ಕೇಳಿಸುತ್ತದೆ. ಯಾವುದು ಮರ್ಯಾದೆ ಎಂಬುದೂ ಕಾಲಕ್ಕೆ ತಕ್ಕಂತೆ ಬದಲಾದದ್ದೇ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಒಬ್ಬರನ್ನೇ ಉದ್ದೇಶಿಸುವಾಗ ‘ಯೂ ವಾಸ್’ ಎನ್ನುವುದು ಓದಿದವರಲ್ಲೂ ಇತ್ತು. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಅದನ್ನು ಘೋರ ಅಪರಾಧವೆಂದು ಸಾರಿದ. ಮುಂದೆ ಆತ ಲಂಡನ್ನಿನ ಬಿಷಪ್ ಆದ.

‘ವಾಸ್’ ಕಾಲಿಡಲಾರದ ಒಂದೆರಡು ಕೋಟೆಗಳೂ ಇವೆ ಎಂಬುದನ್ನು ‘ವರ್’ನ ಪಕ್ಷದವರಿಗೆ ನ್ಯಾಯ ಒದಗಿಸಲೆಂದು ಹೇಳಬೇಕು. ‘ಆ್ಯಸ್ ಇಟ್ ವರ್’ ಎಂಬಲ್ಲಿ ‘ವಾಸ್’ ಹಾಕಿದರೆ ಅರ್ಥವೇ ಬೇರೆ. ‘ಇಫ್’ ಅನ್ನು ಕಿತ್ತುಹಾಕಿ ‘ವರ್ ಐ ಯುವರ್ ಫಾದರ್’ ಎಂದು ತಿರುಗುಮುರುಗು ಮಾಡಬಹುದು. ‘ವಾಸ್ ಐ ಯುವರ್ ಫಾದರ್’ ಎಂದರೆ ಅದು ಗಾಬರಿ ಹುಟ್ಟಿಸುವ ಪ್ರಶ್ನೆಯಾಗುತ್ತದೆ.

ಕೊನೆಯದಾಗಿ, ಪ್ರಬಂಧದ ಬುಡಕ್ಕೇ ಕೊಡಲಿಯಿಟ್ಟ ಗ್ರಂಥವೊಂದರ ಉಲ್ಲೇಖ ಅನಿವಾರ್ಯ. 2002ರಲ್ಲಿ ರಾಡ್ನಿ ಹಡ್ಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಹೊರತಂದ, ಸಾವಿರದ ಎಂಟುನೂರು ಪುಟ ಮೀರಿದ ಕೇಂಬ್ರಿಜ್ ವ್ಯಾಕರಣ, ‘ಇಫ್ ಐ ವರ್’ನ ‘ವರ್’ ಸಬ್‌ಜಂಕ್ಟಿವೇ ಅಲ್ಲ ಎನ್ನುತ್ತದೆ. ಅವರ ಪ್ರಕಾರ ಅದು ‘ಇರ್ರಿಯಾಲಿಸ್’, ಹಳೆಯ ವ್ಯವಸ್ಥೆಯೊಂದರ ಉಳಿಕೆ. ಸಬ್‌ಜಂಕ್ಟಿವ್ ಎಂಬ ಪದವನ್ನು ಅವರು ‘ಐ ಇನ್ಸಿಸ್ಟ್ ದ್ಯಾಟ್ ಹೀ ಗೋ’ ಎಂಬಂಥ, ‘ಗೋಸ್’ ಆಗದ ‘ಗೋ’ಗೆ ಮೀಸಲಿಟ್ಟಿದ್ದಾರೆ. ಗೈಡ್ ಪ್ರಕಾಶಕರಿಗೆ ಈ ಸುದ್ದಿ ಇನ್ನೂ ಮುಟ್ಟಿದಂತಿಲ್ಲ. ಮುಟ್ಟುವವರೆಗೆ ಪರೀಕ್ಷೆಗೆ ಕೂರುವವರು ‘ಇಫ್’ ಕಂಡಲ್ಲಿ ಮುಂದೆ ‘ವುಡ್’ ಇದೆಯೇ ಎಂದು ನೋಡಿಕೊಂಡು ‘ವರ್’ ಬರೆಯತಕ್ಕದ್ದು. ‘ವುಡ್’ ಇಲ್ಲದೆ ‘ಯೆಸ್ಟರ್ಡೇ’ ಇದ್ದರೆ ‘ವಾಸ್’. ಎರಡೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಪ್ರಶ್ನೆಯಲ್ಲೇ ಮುದ್ರಣದೋಷವಿದೆಯೆಂದು ಗ್ರೇಸ್ ಮಾರ್ಕ್ಸ್‌ಗೆ ಅರ್ಜಿ ಹಾಕತಕ್ಕದ್ದು.